ಕೇಬಲ್ ಒಳಗೆ, ವೈಫೈ ಹೊರಗೆ: ಲ್ಯಾಪ್‌ಟಾಪನ್ನೇ ತಾತ್ಕಾಲಿಕ ರೂಟರ್ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಮನೆಯ ವೈಫೈ ರೂಟರ್ ಕೈಕೊಟ್ಟಿದೆ. ಹೊಸದು ಬರುವ ತನಕ ಇಂಟರ್ನೆಟ್ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ. ವಿಂಡೋಸ್ 11ರಲ್ಲಿರುವ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದೆ. ಫೋನು, ಟಿವಿ ಎರಡೂ ಸೇರಿಕೊಂಡವು, ಆದರೆ ಎರಡರಲ್ಲೂ 'ಇಂಟರ್ನೆಟ್ ಇಲ್ಲ' ಎಂದು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹಾಟ್‌ಸ್ಪಾಟ್ ತಾನಾಗಿಯೇ ಆಫ್ ಆಗಿರುತ್ತದೆ. ಲ್ಯಾಪ್‌ಟಾಪನ್ನು ರೂಟರ್ ತರಹ ಬಳಸುವುದು ನಿಜಕ್ಕೂ ಸಾಧ್ಯವೇ? ಎಲ್ಲಿ ತಪ್ಪುತ್ತಿದೆ?

ಉತ್ತರ: ಸಾಧ್ಯ. ನೀವು ಮುಕ್ಕಾಲು ದಾರಿ ಬಂದಾಗಿದೆ. ನಿಮಗೆ ಎರಡು ತೊಂದರೆಯಂತೆ ಕಾಣುತ್ತಿರುವುದು ಬಹುತೇಕ ಒಂದೇ ತೊಂದರೆ. ಹಾಟ್‌ಸ್ಪಾಟ್ ತಪ್ಪು ಕಡೆಯಿಂದ ಇಂಟರ್ನೆಟ್ ಎಳೆಯಲು ನೋಡುತ್ತಿದೆ. ಅಲ್ಲಿ ಏನೂ ಸಿಗದ ಕಾರಣ ಫೋನು 'ಇಂಟರ್ನೆಟ್ ಇಲ್ಲ' ಎನ್ನುತ್ತದೆ, ಕೊನೆಗೆ ಆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋಗಿಬಿಡುತ್ತದೆ. ಟಿವಿಯನ್ನೂ ಆಫ್ ಮಾಡಿದಿರಿ ಎಂದರೆ ಹಾಟ್‌ಸ್ಪಾಟ್‌ನಲ್ಲಿ ಯಾರೂ ಉಳಿಯುವುದಿಲ್ಲ. ಯಾರೂ ಇಲ್ಲದಿದ್ದರೆ ಕೆಲವು ನಿಮಿಷದಲ್ಲಿ ಆಫ್ ಆಗುವುದು ವಿಂಡೋಸ್ ಹಾಟ್‌ಸ್ಪಾಟ್‌ನ ಮೂಲ ಸ್ವಭಾವ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು: ರೂಟರ್ ನಿಜವಾಗಿಯೂ ಕೆಟ್ಟಿದೆಯೇ ನೋಡಿ. ಎಷ್ಟೋ ಸಲ ಸತ್ತಿರುವುದು ರೂಟರ್ ಅಲ್ಲ, ಅದರ ಪವರ್ ಅಡಾಪ್ಟರ್. ರೂಟರಿನ ತಳದಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ವೋಲ್ಟೇಜ್ ಅಷ್ಟೇ ಇರುವ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರುವ, ಪಿನ್ನಿನ ಪ್ಲಸ್–ಮೈನಸ್ ಹೊಂದುವ ಬೇರೆ ಅಡಾಪ್ಟರ್ ಹಾಕಿ ಒಮ್ಮೆ ನೋಡಿ. ದೀಪ ಹತ್ತಿದರೆ ಮುಂದಿನದ್ದನ್ನು ಓದುವ ಅಗತ್ಯವೇ ಇಲ್ಲ.

ತಪ್ಪು ಎಲ್ಲಿದೆ

ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಸಂಪರ್ಕಕ್ಕೆ ಪಿಪಿಪಿಒಇ ಎಂದು ಹೆಸರು. ಇದರಲ್ಲಿ ಕೇಬಲ್ ಬರೀ ದಾರಿ. ಡಯಲ್ ಮಾಡಿದಾಗ ಆ ದಾರಿಯ ಮೇಲೆ ಇನ್ನೊಂದು ಸಂಪರ್ಕ ಹುಟ್ಟುತ್ತದೆ, ಇಂಟರ್ನೆಟ್ ವಿಳಾಸ ಬರುವುದು ಆ ಸಂಪರ್ಕಕ್ಕೆ. ಹಾಗಾಗಿ ವಿಂಡೋಸ್‌ನ ಲೆಕ್ಕದಲ್ಲಿ ನಿಮ್ಮಲ್ಲಿ ಎರಡು ಸಂಪರ್ಕಗಳಿವೆ. ಒಂದು 'ಈಥರ್ನೆಟ್', ಅದರಲ್ಲಿ ಇಂಟರ್ನೆಟ್ ಇಲ್ಲ. ಇನ್ನೊಂದು ಸಾಮಾನ್ಯವಾಗಿ 'ಬ್ರಾಡ್‌ಬ್ಯಾಂಡ್ ಕನೆಕ್ಷನ್' ಎಂಬ ಹೆಸರಿನದು, ಇಂಟರ್ನೆಟ್ ಇರುವುದು ಅದರಲ್ಲಿ. ಹಾಟ್‌ಸ್ಪಾಟ್ ಪುಟದಲ್ಲಿ 'ಈಥರ್ನೆಟ್' ಆರಿಸಿದ್ದರೆ ಫೋನಿನಿಂದ ಬಂದದ್ದನ್ನೆಲ್ಲ ಲ್ಯಾಪ್‌ಟಾಪ್ ಆ ಖಾಲಿ ಸಂಪರ್ಕಕ್ಕೆ ಸುರಿಯುತ್ತದೆ. ಲ್ಯಾಪ್‌ಟಾಪಿಗೆ ಮಾತ್ರ ತನ್ನ ದಾರಿ ಗೊತ್ತು, ಅದು ಡಯಲ್ ಮಾಡಿದ ಸಂಪರ್ಕದಲ್ಲೇ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಫೋನಿನಲ್ಲಿ ಏನೂ ಇಲ್ಲ ಎಂಬ ಗೊಂದಲ ಹುಟ್ಟುವುದು ಇಲ್ಲಿಂದ.

ಸರಿಪಡಿಸುವುದು ಹೀಗೆ. ಮೊದಲು ಡಯಲ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಒಂದು ಪುಟ ತೆರೆದು ಇಂಟರ್ನೆಟ್ ಇದೆ ಎಂದು ಖಚಿತ ಮಾಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಅದರೊಳಗೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗಿ. ಇಂಟರ್ನೆಟ್ ಎಲ್ಲಿಂದ ಹಂಚಬೇಕು ಎಂದು ಕೇಳುವ ಪಟ್ಟಿಯಲ್ಲಿ ನಿಮ್ಮ ಬ್ರಾಡ್‌ಬ್ಯಾಂಡ್ ಸಂಪರ್ಕದ ಹೆಸರು ಕಂಡರೆ ಅದನ್ನೇ ಆರಿಸಿ, ಕೆಲಸ ಮುಗಿಯಿತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಕಾಣುವುದೇ ಇಲ್ಲ. ಆಗ ಈಥರ್ನೆಟ್ ಆರಿಸಿಯೇ ಹಾಟ್‌ಸ್ಪಾಟ್ ಆನ್ ಮಾಡಿ, ಹಾಗೇ ಬಿಡಿ. ಹಂಚಿಕೆಯನ್ನು ಹಳೆಯ ಕಿಟಕಿಯಿಂದ ಕೈಯಾರೆ ಬದಲಾಯಿಸಬೇಕು.

ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಎನ್, ಸಿ, ಪಿ, ಎ ಅಕ್ಷರಗಳು, ಒಂದು ಚುಕ್ಕಿ, ಆಮೇಲೆ ಸಿ, ಪಿ, ಎಲ್ ಎಂದು ಇಂಗ್ಲಿಷ್‌ನಲ್ಲಿ ಟೈಪಿಸಿ ಎಂಟರ್ ಒತ್ತಿದರೆ ಎಲ್ಲ ಸಂಪರ್ಕಗಳೂ ಒಂದೇ ಕಡೆ ಕಾಣುತ್ತವೆ. ಹಾಟ್‌ಸ್ಪಾಟ್ ಆನ್ ಇದ್ದರೆ ಅಲ್ಲಿ 'ಲೋಕಲ್ ಏರಿಯಾ ಕನೆಕ್ಷನ್' ಎಂಬ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಮತ್ತು ಒಂದು ಅಂಕಿ ಇರುವ ಹೊಸ ಸಂಪರ್ಕ ಬಂದಿರುತ್ತದೆ. ಅದರ ಕೆಳಗೆ ಮೈಕ್ರೋಸಾಫ್ಟ್ ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್ ಎಂದಿರುತ್ತದೆ. ಹಾಟ್‌ಸ್ಪಾಟ್‌ನ ಬಾಗಿಲು ಅದೇ. ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಈಗ ಬ್ರಾಡ್‌ಬ್ಯಾಂಡ್ ಸಂಪರ್ಕದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಶೇರಿಂಗ್ ಟ್ಯಾಬ್. ಇತರರು ಈ ಕಂಪ್ಯೂಟರಿನ ಇಂಟರ್ನೆಟ್ ಬಳಸಲು ಬಿಡುವ ಮೊದಲ ಚೌಕಕ್ಕೆ ಟಿಕ್ ಹಾಕಿ, ಕೆಳಗಿನ ಪಟ್ಟಿಯಲ್ಲಿ ಆ ನಕ್ಷತ್ರ ಮತ್ತು ಅಂಕಿಯ ಸಂಪರ್ಕವನ್ನು ಆರಿಸಿ. ಎರಡನೆಯ ಚೌಕ, ಬೇರೆಯವರು ಈ ಹಂಚಿಕೆಯನ್ನು ನಿಯಂತ್ರಿಸಲು ಬಿಡುವುದು, ನಿಮಗೆ ಬೇಡ, ಟಿಕ್ ತೆಗೆಯಿರಿ. ಈಗಾಗಲೇ ಬೇರೊಂದು ಸಂಪರ್ಕ ಹಂಚಿಕೆಯಾಗಿದೆ, ಬದಲಿಸಲೇ ಎಂದು ಕೇಳಿದರೆ ಹೌದು ಎನ್ನಿ. ಓಕೆ ಒತ್ತಿ, ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಶೇರಿಂಗ್ ಟ್ಯಾಬೇ ಕಾಣದಿದ್ದರೆ ಅದು ಕಚೇರಿಯ ಲ್ಯಾಪ್‌ಟಾಪ್ ಆಗಿರಬಹುದು. ಹಂಚಿಕೆಯನ್ನು ಕಂಪ್ಯೂಟರ್ ವಿಭಾಗದವರು ನೀತಿಯ ಮೂಲಕ ಮುಚ್ಚಿಡುವುದು ಸಾಮಾನ್ಯ. ಅದನ್ನು ಸುತ್ತಿ ಬಳಸಿ ತೆರೆಯಲು ಹೋಗಬೇಡಿ, ಬೇರೆ ಲ್ಯಾಪ್‌ಟಾಪ್ ನೋಡಿಕೊಳ್ಳಿ.

ಇಷ್ಟಾದರೂ ಬರದಿದ್ದರೆ

ರೂಟರ್ ಎಂಬ ಡಬ್ಬಿಯೊಳಗೆ ನಾಲ್ಕು ಬೇರೆಬೇರೆ ಕೆಲಸಗಳು ನಡೆಯುತ್ತಿರುತ್ತವೆ. ಗಾಳಿಯಲ್ಲಿ ಸಿಗ್ನಲ್ ಕೊಡುವುದು, ಬಂದವರಿಗೆ ವಿಳಾಸ ಹಂಚುವುದು, ಅವರ ಪರವಾಗಿ ಹೊರಗೆ ಹೋಗಿ ಬರುವುದು, ಮತ್ತು ಸೈಟಿನ ಹೆಸರನ್ನು ವಿಳಾಸಕ್ಕೆ ತಿರುಗಿಸುವುದು. ಲ್ಯಾಪ್‌ಟಾಪ್ ರೂಟರ್ ಆದಾಗ ಈ ನಾಲ್ಕನ್ನೂ ಅದೇ ಮಾಡಬೇಕು. 'ಬರುತ್ತಿಲ್ಲ' ಎಂದು ಕೂತರೆ ಏನೂ ತಿಳಿಯದು. ನಾಲ್ಕರಲ್ಲಿ ಯಾವುದು ನಿಂತಿದೆ ಎಂದು ಹುಡುಕಬೇಕು. ಅದಕ್ಕೆ ಬೇಕಾದ ಸುಳಿವೆಲ್ಲ ಫೋನಿನಲ್ಲೇ ಇದೆ.

ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಸೇರಿಕೊಂಡಿರುವ ಹೆಸರನ್ನು ಮುಟ್ಟಿ, ವಿವರದಲ್ಲಿ ಐಪಿ ವಿಳಾಸ ನೋಡಿ. ವಿಂಡೋಸ್ 7ರಿಂದ ಈಚೆಗೆ ಹಂಚಿಕೆಯ ಲ್ಯಾಪ್‌ಟಾಪ್ ತನಗೆ 192.168.137.1 ಎಂಬ ವಿಳಾಸ ಇಟ್ಟುಕೊಂಡು, ಉಳಿದವರಿಗೆ ಅದೇ ಸಾಲಿನ ವಿಳಾಸ ಕೊಡುತ್ತದೆ. ಫೋನಿನಲ್ಲಿ 192.168.137 ಎಂದು ಶುರುವಾಗುವ ವಿಳಾಸವಿದ್ದರೆ ಮೊದಲ ಎರಡು ಕೆಲಸ ಸರಿಯಾಗಿವೆ. 169.254 ಎಂದು ಶುರುವಾದರೆ, ಅಥವಾ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂಬಲ್ಲೇ ಸುತ್ತುತ್ತಿದ್ದರೆ ವಿಳಾಸ ಹಂಚುವ ಕೆಲಸ ನಿಂತಿದೆ. ಇದಕ್ಕೆ ಎರಡು ಕಾರಣ ಹೆಚ್ಚು. ಒಂದು, ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸರ್ವಿಸ್ ನಿಂತಿರುವುದು. ಸರ್ವಿಸಸ್ ಕಿಟಕಿಯಲ್ಲಿ ಅದನ್ನು ಹುಡುಕಿ ರೀಸ್ಟಾರ್ಟ್ ಕೊಡಿ. ಎರಡು, ಬೇರೆ ಕಂಪನಿಯ ಆಂಟಿವೈರಸ್ ತನ್ನದೇ ಫೈರ್‌ವಾಲ್ (ಬಂದುಹೋಗುವುದನ್ನು ಕಾಯುವ ಕಾವಲು) ಹಾಕಿಕೊಂಡು, ಹೊರಗಿನಿಂದ ಬಂದ ವಿಳಾಸದ ಕೋರಿಕೆಯನ್ನೇ ತಡೆಯುವುದು. ವಿಳಾಸ ಕೇಳುವ ಕೋರಿಕೆ ಯುಡಿಪಿ 67ನೇ ಪೋರ್ಟಿಗೆ (ಪೋರ್ಟ್ ಎಂದರೆ ಲ್ಯಾಪ್‌ಟಾಪಿನೊಳಗಿನ ನಂಬರು ಹಾಕಿದ ಬಾಗಿಲು) ಬರುತ್ತದೆ, ಹೆಸರು ಕೇಳುವುದು 53ಕ್ಕೆ. ಆ ಫೈರ್‌ವಾಲ್‌ನಲ್ಲಿ ಹಾಟ್‌ಸ್ಪಾಟ್ ಸಂಪರ್ಕವನ್ನು 'ನಂಬಿಕೆಯ ನೆಟ್‌ವರ್ಕ್' ಎಂದು ಗುರುತಿಸಿದರೆ ಎರಡೂ ತೆರೆದುಕೊಳ್ಳುತ್ತವೆ. ಪರೀಕ್ಷೆಗೆಂದು ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ, ಆಮೇಲೆ ಮರೆತುಬಿಡುವವರೇ ಜಾಸ್ತಿ. ಯಾಕೆ ಹಾಗೆ ಮಾಡಬಾರದು ಎಂಬುದಕ್ಕೆ ಮುಂದೆ ಬರುತ್ತೇನೆ.

ವಿಳಾಸ ಬಂದಿದೆ, ಇಂಟರ್ನೆಟ್ ಇಲ್ಲ ಎಂದಾದರೆ ಉಳಿದದ್ದು ಎರಡು: ಹೊರಗೆ ದಾಟಿಸುವುದು ಅಥವಾ ಹೆಸರು ತಿರುಗಿಸುವುದು. ಪತ್ತೆಗೆ ಸುಲಭದ ಉಪಾಯ ಇದು. ಫೋನಿನಲ್ಲಿ ಆ ವೈಫೈಯ ಐಪಿ ಸೆಟ್ಟಿಂಗ್ಸನ್ನು ಸ್ಟ್ಯಾಟಿಕ್ ಮಾಡಿ, ವಿಳಾಸ 192.168.137.50, ಗೇಟ್‌ವೇ 192.168.137.1, ಪ್ರಿಫಿಕ್ಸ್ ಲೆಂಗ್ತ್ 24, ಡಿಎನ್‌ಎಸ್ (ಹೆಸರು ತಿರುಗಿಸಿಕೊಡುವ ಸರ್ವರಿನ ವಿಳಾಸ) 8.8.8.8 ಎಂದು ತುಂಬಿ. ಈಗ ಸೈಟುಗಳು ತೆರೆದರೆ ಕೆಟ್ಟಿರುವುದು ಲ್ಯಾಪ್‌ಟಾಪಿನ ಹೆಸರು ತಿರುಗಿಸುವ ಕೆಲಸ ಮಾತ್ರ. ಲ್ಯಾಪ್‌ಟಾಪಿನಲ್ಲಿ ಡಿಎನ್‌ಎಸ್ ಸರ್ವರ್ ಅಥವಾ ಜಾಹೀರಾತು ತಡೆಯುವಂಥ ಯಾವುದೋ ಸಾಫ್ಟ್‌ವೇರ್ 53ನೇ ಪೋರ್ಟನ್ನು ಹಿಡಿದು ಕೂತಿರಬಹುದು. ಅದನ್ನು ನಿಲ್ಲಿಸಿ. ಆಗಲೂ ತೆರೆಯದಿದ್ದರೆ ದಾಟಿಸುವ ಕೆಲಸವೇ ನಡೆಯುತ್ತಿಲ್ಲ ಎಂದರ್ಥ. ಶೇರಿಂಗ್ ಟ್ಯಾಬಿನಲ್ಲಿ ತಪ್ಪು ಸಂಪರ್ಕಕ್ಕೆ ಟಿಕ್ ಬಿದ್ದಿದೆಯೇ ನೋಡಿ. ಟಿಕ್ ತೆಗೆದು ಓಕೆ ಕೊಟ್ಟು, ಮತ್ತೆ ಟಿಕ್ ಹಾಕಿ ಓಕೆ ಕೊಡುವುದು ಕೇಳಲು ಪೆದ್ದುತನ ಅನ್ನಿಸಬಹುದು, ಆದರೆ ಆಗ ವಿಂಡೋಸ್ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಪಿಎನ್ (ಎಲ್ಲವನ್ನೂ ಬೇರೊಂದು ಸರ್ವರಿನ ಮೂಲಕ ಕಳಿಸುವ ಗುಪ್ತ ಸಂಪರ್ಕ) ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ ನೋಡಿ. ವಿಪಿಎನ್ ಬಂದಾಗ ಲ್ಯಾಪ್‌ಟಾಪಿನ ದಾರಿ ಬದಲಾಗುತ್ತದೆ, ಹಂಚಿಕೆ ಹಳೆಯ ದಾರಿಯಲ್ಲೇ ಇರುತ್ತದೆ, ನಡುವೆ ಫೋನು ಸಿಕ್ಕಿಬೀಳುತ್ತದೆ. ಪರೀಕ್ಷೆ ಮುಗಿದ ಮೇಲೆ ಫೋನನ್ನು ಮತ್ತೆ ಡಿಎಚ್‌ಸಿಪಿಗೆ, ಅಂದರೆ ವಿಳಾಸವನ್ನು ತಾನಾಗಿ ಪಡೆಯುವ ಕ್ರಮಕ್ಕೆ, ತಿರುಗಿಸುವುದನ್ನು ಮರೆಯಬೇಡಿ.

ಪಿಪಿಪಿಒಇಗೇ ಅಂಟಿಕೊಂಡ ಇನ್ನೊಂದು ಕಾಟವಿದೆ, ಅದು ವಿಚಿತ್ರವಾಗಿ ಕಾಣುತ್ತದೆ. ಕೆಲವು ಸೈಟು ಚಕ್ಕನೆ ತೆರೆಯುತ್ತವೆ, ಕೆಲವು ಅರ್ಧ ತೆರೆದು ಸುತ್ತುತ್ತಲೇ ಇರುತ್ತವೆ. ಮೆಸೇಜ್ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಕಾರಣ ಪ್ಯಾಕೆಟ್‌ನ, ಅಂದರೆ ಡೇಟಾ ತುಂಡುತುಂಡಾಗಿ ಹೋಗುವಾಗಿನ ಒಂದು ತುಂಡಿನ, ಗಾತ್ರ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಪಿಪಿಪಿಒಇ ಅದರಲ್ಲಿ 8 ಬೈಟನ್ನು ತನ್ನ ತಲೆಚೀಟಿಗೆ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ಡಯಲ್ ಮಾಡಿದ ಲ್ಯಾಪ್‌ಟಾಪಿಗೆ ಇದು ಗೊತ್ತು, ಅದರ ಹಿಂದಿರುವ ಫೋನಿಗೆ ಗೊತ್ತಿಲ್ಲ. ಮಾರುವ ರೂಟರುಗಳು ಈ ಹೊಂದಾಣಿಕೆಯನ್ನು ಸದ್ದಿಲ್ಲದೆ ಮಾಡಿಬಿಡುತ್ತವೆ. ಲ್ಯಾಪ್‌ಟಾಪ್ ಹಂಚಿಕೆಯಲ್ಲಿ ಅದು ಕೆಲವೊಮ್ಮೆ ತಪ್ಪುತ್ತದೆ. ಹಾಟ್‌ಸ್ಪಾಟ್‌ಗೆ ಸೇರಿದ ಇನ್ನೊಂದು ವಿಂಡೋಸ್ ಕಂಪ್ಯೂಟರ್ ಇದ್ದರೆ ಅದರಿಂದ 'ಒಡೆಯಬೇಡ' ಎಂಬ ಎಫ್ ಆಯ್ಕೆಯೊಂದಿಗೆ, ಎಲ್ ಆಯ್ಕೆಯಲ್ಲಿ 1464 ಗಾತ್ರ ಕೊಟ್ಟು 8.8.8.8ಕ್ಕೆ ಪಿಂಗ್ ಮಾಡಿ (ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಆಜ್ಞೆ ಅದು). ತಲೆಚೀಟಿಗಳ 28 ಬೈಟ್ ಸೇರಿ 1492 ಆಗುತ್ತದೆ. 1464 ಹೋಗಿ 1465 ನಿಂತರೆ ಗಡಿ ಎಲ್ಲಿದೆ ಎಂದು ಕಣ್ಣಾರೆ ಕಂಡಂತಾಯಿತು. 1465ಕ್ಕೆ 'ಪ್ಯಾಕೆಟ್ ಒಡೆಯಬೇಕಿದೆ' ಎಂಬ ಉತ್ತರ ಬಂದರೆ ಆ ಕಂಪ್ಯೂಟರಿಗೆ ಗಡಿ ತಿಳಿಯುತ್ತಿದೆ, ತೊಂದರೆ ಬೇರೆ ಕಡೆ ಇದೆ. ಉತ್ತರವೇ ಬರದೆ ಸಮಯ ಮೀರಿದರೆ ಕಾಟ ಇದೇ. ಆ ಕಂಪ್ಯೂಟರಿನ ವೈಫೈಗೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಎಂದು ಇಟ್ಟರೆ ಅದು ಸರಿಹೋಗುತ್ತದೆ. ಫೋನು, ಟಿವಿಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅವಕ್ಕೆ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಓಡಿಸುವುದೇ ಅಚ್ಚುಕಟ್ಟಾದ ಪರಿಹಾರ. ಅಲ್ಲಿ ಫೈರ್‌ವಾಲ್‌ನ ಒಂದೇ ಸಾಲಿನಿಂದ ಎಲ್ಲರ ಪ್ಯಾಕೆಟ್ಟನ್ನೂ ಗಡಿಯೊಳಗೆ ಇಳಿಸಬಹುದು. ಅದಕ್ಕೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ.

ತಾನಾಗಿ ಆಫ್ ಆಗುವುದು, ಮಲಗುವುದು, ಮರೆಯುವುದು

ಮೊಬೈಲ್ ಹಾಟ್‌ಸ್ಪಾಟ್ ಪುಟದಲ್ಲಿ ಪವರ್ ಸೇವಿಂಗ್ ಎಂಬ ಗುಂಡಿ ಇದೆ. ಯಾರೂ ಸೇರಿಲ್ಲದಿದ್ದಾಗ ಹಾಟ್‌ಸ್ಪಾಟ್ ನಿಲ್ಲಿಸುವುದು ಅದರ ಕೆಲಸ. ಅದನ್ನು ಆಫ್ ಮಾಡಿ. ನಿಮ್ಮ ಎರಡನೆಯ ದೂರು ಅಲ್ಲಿಗೆ ಮುಗಿಯುತ್ತದೆ, ಆದರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರಲು ಇನ್ನೂ ಮೂರು ದಾರಿಗಳಿವೆ.

ಪವರ್ ಸೆಟ್ಟಿಂಗ್ಸ್‌ನಲ್ಲಿ ಚಾರ್ಜರ್ ಹಾಕಿರುವಾಗ ಸ್ಲೀಪ್ ಎಂದಿರುವುದನ್ನು 'ನೆವರ್' ಮಾಡಿ. ಪರದೆ ಆರಿದರೆ ಅಡ್ಡಿಯಿಲ್ಲ, ಆರಲಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಎಂಬುದಕ್ಕೆ 'ಡು ನಥಿಂಗ್' ಕೊಡಿ. ಹಾಗೆಂದು ಮುಚ್ಚಿಡಿ ಎನ್ನುತ್ತಿಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ವೈಫೈ ಆಂಟೆನಾ ಪರದೆಯ ಚೌಕಟ್ಟಿನೊಳಗೆ ಇರುತ್ತದೆ, ಮುಚ್ಚಿದರೆ ಸಿಗ್ನಲೂ ಕುಗ್ಗುತ್ತದೆ, ಬಿಸಿಯೂ ಒಳಗೇ ಉಳಿಯುತ್ತದೆ. ಮೂರನೆಯದು ಡಿವೈಸ್ ಮ್ಯಾನೇಜರ್‌ನಲ್ಲಿದೆ. ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ವೈಫೈ ಕಾರ್ಡ್ ಮತ್ತು ಈಥರ್ನೆಟ್ ಕಾರ್ಡ್ ಎರಡರ ಪ್ರಾಪರ್ಟೀಸ್‌ಗೂ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಗಂಟೆಗೊಮ್ಮೆ ಕಾರಣವಿಲ್ಲದೆ ವೈಫೈ ಮಾಯವಾಗುವ ದೂರಿಗೆ ಈ ಟಿಕ್ ಕಾರಣವಾಗಿರುವುದುಂಟು.

ರೀಸ್ಟಾರ್ಟ್ ಆದರೆ ಹಾಟ್‌ಸ್ಪಾಟ್ ತಾನಾಗಿ ಬರುವುದಿಲ್ಲ, ಡಯಲೂ ಆಗುವುದಿಲ್ಲ. ಶೇರಿಂಗ್ ಟ್ಯಾಬಿನಲ್ಲಿ ಮಾಡಿದ ಹಂಚಿಕೆಯಂತೂ ಟಿಕ್ ಇದ್ದಂತೆ ಕಂಡರೂ ರೀಸ್ಟಾರ್ಟ್ ನಂತರ ಸತ್ತಿರುತ್ತದೆ. ಇದು ವಿಂಡೋಸ್ 10ರ ಕಾಲದಿಂದ ಇರುವ ನಡವಳಿಕೆ, ನಿಮ್ಮ ತಪ್ಪಲ್ಲ. ಶಾಶ್ವತ ಪರಿಹಾರಕ್ಕೆ ಮೈಕ್ರೋಸಾಫ್ಟ್ ಹೇಳಿರುವ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಣಜ) ಬದಲಾವಣೆ ಇದೆ: ಶೇರ್ಡ್‌ಆಕ್ಸೆಸ್ ಕೀಲಿಯ ಅಡಿಯಲ್ಲಿ ಎನೇಬಲ್‌ರೀಬೂಟ್‌ಪರ್ಸಿಸ್ಟ್‌ಕನೆಕ್ಷನ್ ಎಂಬ ಡಿವರ್ಡ್ ಬೆಲೆಯನ್ನು 1 ಮಾಡಿ, ಶೇರಿಂಗ್ ಸರ್ವಿಸನ್ನು ಆಟೊಮ್ಯಾಟಿಕ್‌ಗೆ ಹಾಕುವುದು. ಒಂದು ವಾರದ ಕೆಲಸಕ್ಕೆ ಅಷ್ಟೆಲ್ಲ ಬೇಡ. ವಿಂಡೋಸ್ ಅಪ್‌ಡೇಟನ್ನು ಒಂದು ವಾರ ತಡೆಹಿಡಿಯಿರಿ, ರೀಸ್ಟಾರ್ಟ್ ಆದ ದಿನ ಟಿಕ್ ತೆಗೆದು ಮತ್ತೆ ಹಾಕಿ. ಸಾಕು.

ಸಿಗ್ನಲ್ ಮತ್ತು ವೇಗ

ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಕೇಳಿಸಿಕೊಳ್ಳಲು ಹುಟ್ಟಿದ್ದು, ಬಡಿಸಲು ಹುಟ್ಟಿದ್ದಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡೇ ಆಂಟೆನಾ ಇರುತ್ತದೆ. ಬ್ಯಾಟರಿ ಉಳಿಸುವುದು ಅದರ ಮೊದಲ ಚಿಂತೆ. ರೂಟರ್ ಮನೆಯ ಮೂಲೆಗೆ ಮುಟ್ಟಿಸುತ್ತಿದ್ದ ಸಿಗ್ನಲ್ ಇದರಿಂದ ಬರದು. ಒಂದು ಕೋಣೆ, ಹೆಚ್ಚೆಂದರೆ ಪಕ್ಕದ ಕೋಣೆ ಎಂದು ಲೆಕ್ಕ ಹಾಕಿ. ಲ್ಯಾಪ್‌ಟಾಪನ್ನು ಎತ್ತರದಲ್ಲಿ, ಮುಚ್ಚಳ ತೆರೆದು, ಕಬ್ಬಿಣದ ಬೀರು ಮತ್ತು ಗೋಡೆಯ ಮೂಲೆಯಿಂದ ದೂರ ಇಡಿ. ಉದ್ದದ ನೆಟ್‌ವರ್ಕ್ ಕೇಬಲ್ ಸಿಕ್ಕರೆ ಮನೆಯ ನಡುಮಧ್ಯಕ್ಕೆ ತನ್ನಿ. ಕೇಬಲ್ 100 ಮೀಟರ್ ತನಕ ಸೊರಗುವುದಿಲ್ಲ, ವೈಫೈ ಎರಡು ಗೋಡೆಗೇ ಸೊರಗುತ್ತದೆ.

ಬ್ಯಾಂಡ್ ಆರಿಸುವಾಗ, ಟಿವಿ ಲ್ಯಾಪ್‌ಟಾಪಿನ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್ ಕೊಡಿ. ವೇಗ ಹೆಚ್ಚು, ಗದ್ದಲ ಕಡಿಮೆ. ಗೋಡೆ ದಾಟಬೇಕಿದ್ದರೆ ಅಥವಾ ಸಾಧನ ಹಳೆಯದಾಗಿದ್ದರೆ 2.4. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಂಥವು ಬಹುತೇಕ 2.4 ಬಿಟ್ಟು ಬೇರೆಯದನ್ನು ನೋಡುವುದೇ ಇಲ್ಲ. ಯುಎಸ್‌ಬಿ 3.0 ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ 2.4ರಲ್ಲಿ ಅದು ಗದ್ದಲ ಎಬ್ಬಿಸುತ್ತದೆ. ಸಿಗ್ನಲ್ ತುಂಬಿದ್ದರೂ ವೇಗ ಬಿದ್ದರೆ ಮೊದಲು ಅದನ್ನು ಕಿತ್ತು ನೋಡಿ. ವಿಂಡೋಸ್ ಹಾಟ್‌ಸ್ಪಾಟ್‌ಗೆ ಒಟ್ಟಿಗೆ 8 ಸಾಧನಗಳಿಗಿಂತ ಹೆಚ್ಚು ಸೇರಲಾಗದು. ಮನೆಯಲ್ಲಿ ಒಂಬತ್ತನೆಯ ಫೋನು ಸೇರುತ್ತಿಲ್ಲವೆಂದರೆ ಪಾಸ್‌ವರ್ಡ್ ತಪ್ಪಲ್ಲ, ಎಣಿಕೆ ತುಂಬಿದೆ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ಹಳೆಯ ರೂಟರಿನ ಹೆಸರು ಮತ್ತು ಪಾಸ್‌ವರ್ಡನ್ನೇ ಹಾಟ್‌ಸ್ಪಾಟ್‌ಗೂ ಇಟ್ಟರೆ ಮನೆಯ ಸಾಧನಗಳೆಲ್ಲ ಕೇಳದೆಯೇ ಸೇರಿಕೊಳ್ಳುತ್ತವೆ.

ನಿಮ್ಮದು ಕೇಬಲ್ ಒಳಗೆ, ವೈಫೈ ಹೊರಗೆ. ಇದೇ ಒಳ್ಳೆಯ ಜೋಡಣೆ. ಒಂದೇ ವೈಫೈ ಕಾರ್ಡಿನಲ್ಲಿ ವೈಫೈ ಒಳಗೆ ತಂದು ವೈಫೈಯನ್ನೇ ಹೊರಗೆ ಕೊಡುವವರೂ ಇದ್ದಾರೆ. ವಿಂಡೋಸ್‌ನಲ್ಲಿ ಅದೂ ಆಗುತ್ತದೆ. ಆದರೆ ರೇಡಿಯೊ ಒಂದೇ, ಚಾನೆಲ್ ಒಂದೇ. ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಓಡಾಡಬೇಕು, ಹಾಗಾಗಿ ವೇಗ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಆ ವೈಫೈ ಕೊಡುತ್ತಿರುವ ರೂಟರ್ 5 ಗಿಗಾಹರ್ಟ್ಸ್‌ನ 52ರಿಂದ 144ರ ನಡುವಿನ ಚಾನೆಲ್‌ನಲ್ಲಿದ್ದರೆ ಹಾಟ್‌ಸ್ಪಾಟ್ ಶುರುವಾಗದೇ ಇರಬಹುದು. ಆ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ಸಿಗ್ನಲ್ ಹೊರಡಿಸುವವರು ರೇಡಾರ್ ಇದೆಯೇ ಎಂದು ಆಲಿಸಬೇಕು, ಲ್ಯಾಪ್‌ಟಾಪ್ ಕಾರ್ಡುಗಳಿಗೆ ಸಾಮಾನ್ಯವಾಗಿ ಆ ಸಾಮರ್ಥ್ಯವಿಲ್ಲ. ಎರಡನೆಯ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿ ಒಂದರಿಂದ ಪಡೆದು ಇನ್ನೊಂದರಿಂದ ಕೊಟ್ಟರೆ ಈ ಎರಡೂ ತೊಂದರೆ ನೀಗುತ್ತವೆ.

ಹಳೆಯ ರೂಟರ್ ಪೂರ್ತಿ ಸತ್ತಿಲ್ಲದಿದ್ದರೆ

ಬಹಳ ಜನ ಕಡೆಗಣಿಸುವ ದಾರಿ ಇದು, ಆಗುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಸಿಡಿಲಿಗೆ ಸಿಕ್ಕ ರೂಟರುಗಳಲ್ಲಿ ಕೆಲವೊಮ್ಮೆ ಇಂಟರ್ನೆಟ್ ಕೇಬಲ್ ಹಾಕುವ ವ್ಯಾನ್ ಪೋರ್ಟ್ ಮಾತ್ರ ಸುಟ್ಟಿರುತ್ತದೆ, ವೈಫೈ ಚೆನ್ನಾಗಿಯೇ ಇರುತ್ತದೆ. ದೀಪ ಹತ್ತುತ್ತಿದ್ದು, ವೈಫೈ ಹೆಸರು ಕಾಣುತ್ತಿದ್ದು, ಇಂಟರ್ನೆಟ್ ಮಾತ್ರ ಬರದಿದ್ದರೆ ಇದೇ ಆಗಿರಬಹುದು. ಆಗ ಲ್ಯಾಪ್‌ಟಾಪಿಗೆ ಡಯಲ್ ಮಾಡಿ ದಾಟಿಸುವ ಕೆಲಸ, ರೂಟರಿಗೆ ಬರೀ ವೈಫೈ ಕೊಡುವ ಕೆಲಸ ಎಂದು ಹಂಚಿಬಿಡಿ.

ಇದಕ್ಕೆ ಲ್ಯಾಪ್‌ಟಾಪಿನಲ್ಲಿ ಎರಡು ನೆಟ್‌ವರ್ಕ್ ಪೋರ್ಟ್ ಬೇಕು. ಒಂದು ಇದ್ದೇ ಇದೆ, ಇನ್ನೊಂದಕ್ಕೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಸಾಕು. ಒಂದಕ್ಕೆ ಇಂಟರ್ನೆಟ್ ಕೇಬಲ್. ಇನ್ನೊಂದರಿಂದ ರೂಟರಿನ ಲ್ಯಾನ್ ಪೋರ್ಟಿಗೆ (ಮನೆಯ ಕಂಪ್ಯೂಟರುಗಳನ್ನು ಸೇರಿಸುವ ಪೋರ್ಟ್) ಕೇಬಲ್ ಹಾಕಿ, ವ್ಯಾನ್ ಪೋರ್ಟಿಗಲ್ಲ. ಅದಕ್ಕೂ ಮೊದಲು ರೂಟರಿನ ಪುಟಕ್ಕೆ ಹೋಗಿ ಎರಡು ಬದಲಾವಣೆ ಮಾಡಿರಬೇಕು. ಅದರ ವಿಳಾಸ 192.168.137.2 ಆಗಬೇಕು, ಡಿಎಚ್‌ಸಿಪಿ ಆಫ್ ಆಗಬೇಕು. ಡಿಎಚ್‌ಸಿಪಿ ಆಫ್ ಮಾಡದಿದ್ದರೆ ವಿಳಾಸ ಹಂಚುವವರು ಇಬ್ಬರಾಗುತ್ತಾರೆ. ಯಾರ ಕೈಗೆ ಮೊದಲು ಸಿಕ್ಕಿತೋ ಅವರ ವಿಳಾಸ ಹಿಡಿದ ಫೋನು ಒಮ್ಮೆ ನಡೆಯುತ್ತದೆ, ಒಮ್ಮೆ ನಡೆಯುವುದಿಲ್ಲ. ಶೇರಿಂಗ್ ಟ್ಯಾಬಿನಲ್ಲಿ ನಕ್ಷತ್ರದ ಸಂಪರ್ಕದ ಬದಲು ಆ ಯುಎಸ್‌ಬಿ ಈಥರ್ನೆಟ್ ಆರಿಸಿ. ಮೊಬೈಲ್ ಹಾಟ್‌ಸ್ಪಾಟ್ ಬೇಕೇ ಆಗುವುದಿಲ್ಲ, 8 ಸಾಧನದ ಮಿತಿಯೂ ಇಲ್ಲ, ಸಿಗ್ನಲ್ ಹಿಂದಿನಂತೆಯೇ ಮನೆಯೆಲ್ಲ ಸಿಗುತ್ತದೆ.

ಲಿನಕ್ಸ್, ಮ್ಯಾಕ್, ಹಳೆಯ ವಿಂಡೋಸ್

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ವೈಫೈ ಸೆಟ್ಟಿಂಗ್ಸ್‌ನಲ್ಲೇ ಹಾಟ್‌ಸ್ಪಾಟ್ ಇರುತ್ತದೆ. ಅಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ 10.42.0.1 ವಿಳಾಸ ಇಟ್ಟುಕೊಂಡು ಸದ್ಯದ ಇಂಟರ್ನೆಟ್ ಯಾವ ಕಡೆಯಿಂದ ಬರುತ್ತಿದೆಯೋ ಅದನ್ನೇ ಹಂಚುತ್ತದೆ. ಹಾಗಾಗಿ ನಿಮ್ಮ ಪಿಪಿಪಿಒಇ ಗೊಂದಲ ಅಲ್ಲಿ ಹುಟ್ಟುವುದೇ ಇಲ್ಲ. ಹಾಟ್‌ಸ್ಪಾಟ್ ಆಯ್ಕೆ ಮಂಕಾಗಿದ್ದರೆ ಕಾರ್ಡ್ ಎಪಿ ಮೋಡ್‌ಗೆ (ತಾನೇ ವೈಫೈ ಕೊಡುವ ಕ್ರಮ) ಒಗ್ಗುತ್ತದೆಯೇ ಎಂದು ಐಡಬ್ಲ್ಯು ಲಿಸ್ಟ್ ಆಜ್ಞೆಯಲ್ಲಿ ನೋಡಬಹುದು. ಫೋನು ಸೇರಿ ಇಂಟರ್ನೆಟ್ ಬರದಿದ್ದರೆ ಡಾಕರ್ ಎಂಬ ಸಾಫ್ಟ್‌ವೇರ್ ಅಥವಾ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ದಾಟುವ ಪ್ಯಾಕೆಟ್ಟುಗಳನ್ನು ತಡೆಯುತ್ತಿದೆಯೇ ಪರೀಕ್ಷಿಸಿ. ಮ್ಯಾಕ್‌ನಲ್ಲಿ ಜನರಲ್, ಶೇರಿಂಗ್, ಇಂಟರ್ನೆಟ್ ಶೇರಿಂಗ್ ಎಂಬ ದಾರಿ. ಕೇಬಲ್‌ನಿಂದ ವೈಫೈಗೆ ಹಂಚುತ್ತದೆ, ವೈಫೈಯಿಂದ ವೈಫೈಗೆ ಹಂಚುವುದಿಲ್ಲ.

ವಿಂಡೋಸ್ 7ರಲ್ಲಿ ಆಜ್ಞೆಗಳಿಂದ ಹೋಸ್ಟೆಡ್ ನೆಟ್‌ವರ್ಕ್ ಕಟ್ಟುವ ವಿಧಾನ ಇಂದಿಗೂ ಹಲವು ಕಡೆ ಓಡಾಡುತ್ತಿದೆ. ಹೊಸ ವೈಫೈ ಡ್ರೈವರುಗಳು ಅದನ್ನು ಕೈಬಿಟ್ಟಿವೆ. ಅದನ್ನು ನಿಮ್ಮ ವಿಂಡೋಸ್ 11ರಲ್ಲಿ ಪ್ರಯತ್ನಿಸಿ 'ಹೋಸ್ಟೆಡ್ ನೆಟ್‌ವರ್ಕ್ ಸಪೋರ್ಟೆಡ್: ನೋ' ಎಂದು ಬಂದರೆ ಕಾರ್ಡ್ ಕೆಟ್ಟಿದೆ ಎಂದು ಭಾವಿಸಬೇಡಿ. ಇಂದಿನ ಮೊಬೈಲ್ ಹಾಟ್‌ಸ್ಪಾಟ್ ವೈಫೈ ಡೈರೆಕ್ಟ್ ಮೇಲೆ ನಡೆಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂಲೆಯಲ್ಲಿರುವ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಇಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದಕ್ಕೆ ಸುರಕ್ಷತೆಯ ಅಪ್‌ಡೇಟ್ 2020ರ ಜನವರಿಗೇ ನಿಂತಿದೆ. ಹಳೆಯ ಯಂತ್ರವೇ ಬೇಕಿದ್ದರೆ ಲಿನಕ್ಸ್ ಹಾಕಿ ಬಳಸಿ.

ಫೈರ್‌ವಾಲ್ ಮಾತು

ರೂಟರ್ ಇದ್ದಾಗ ಹೊರಗಿನ ಇಂಟರ್ನೆಟ್‌ಗೆ ಕಾಣುತ್ತಿದ್ದದ್ದು ರೂಟರ್, ಲ್ಯಾಪ್‌ಟಾಪ್ ಅದರ ಹಿಂದೆ ಅಡಗಿತ್ತು. ಈಗ ಡಯಲ್ ಮಾಡುತ್ತಿರುವುದು ಲ್ಯಾಪ್‌ಟಾಪೇ, ಅಂದರೆ ಬೀದಿಗೆ ಮುಖ ಮಾಡಿ ನಿಂತಿರುವುದೂ ಅದೇ. ಸೇವೆ ಕೊಡುವವರು ಪಬ್ಲಿಕ್ ವಿಳಾಸ ಕೊಟ್ಟಿದ್ದರೆ ಬಾಗಿಲು ತಟ್ಟಿ ನೋಡುವ ಸ್ಕ್ಯಾನರುಗಳು ಬರಲು ಹೆಚ್ಚು ಹೊತ್ತು ಬೇಡ. ಬ್ರಾಡ್‌ಬ್ಯಾಂಡ್ ಸಂಪರ್ಕದ ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಎಂದೇ ಇರಲಿ. ಅದರ ಪ್ರಾಪರ್ಟೀಸ್‌ನಲ್ಲಿ ಫೈಲ್ ಆಂಡ್ ಪ್ರಿಂಟರ್ ಶೇರಿಂಗ್‌ನ ಟಿಕ್ ಇದ್ದರೆ ತೆಗೆಯಿರಿ. ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದರೆ ಈ ದಿನಗಳ ಮಟ್ಟಿಗೆ ಮುಚ್ಚಿ. ಹಾಟ್‌ಸ್ಪಾಟ್ ಕೆಲಸ ಮಾಡಲು ವಿಂಡೋಸ್ ಫೈರ್‌ವಾಲ್ ಆಫ್ ಮಾಡುವ ಅಗತ್ಯ ಎಂದೂ ಬರುವುದಿಲ್ಲ. ಆಫ್ ಮಾಡಿದರೆ ಮಾತ್ರ ಫೋನಿಗೆ ಇಂಟರ್ನೆಟ್ ಬರುತ್ತದೆ ಎಂದಾದರೆ ಯಾವುದೋ ಒಂದು ನಿಯಮ ಅಡ್ಡ ಬಂದಿದೆ, ಅದನ್ನು ಹುಡುಕಬೇಕು.

ಚಾರ್ಜರ್ ಹಾಕಿಯೇ ಇಡಬೇಕಾಗುತ್ತದೆ. ದಿನಗಟ್ಟಲೆ ಹೀಗಿದ್ದರೆ ಬ್ಯಾಟರಿ ನೂರರಲ್ಲೇ ನಿಂತು ಬಿಸಿಯಾಗುತ್ತಿರುತ್ತದೆ, ಲಿಥಿಯಂ ಬ್ಯಾಟರಿಗೆ ಅದು ಹಿತವಲ್ಲ. ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರಿನಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ವೈಫೈ ಕೊಡುತ್ತಲೇ ಇರುತ್ತದೆ, ಆದರೆ ಕೇಬಲ್ ಬರುವ ಮೋಡೆಮ್ ಅಥವಾ ಫೈಬರ್ ಡಬ್ಬಿಗೆ ಕರೆಂಟ್ ಇಲ್ಲದಿದ್ದರೆ ಫೋನಿನಲ್ಲಿ ವೈಫೈ ಗೆರೆಗಳು ತುಂಬಿದ್ದೂ ಇಂಟರ್ನೆಟ್ ಇರುವುದಿಲ್ಲ.

ಹೊಸ ರೂಟರ್ ಬಂದ ದಿನ ಒಂದು ಕೆಲಸ ಬಾಕಿ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಡಿಸ್‌ಕನೆಕ್ಟ್ ಮಾಡಿ, ಶೇರಿಂಗ್ ಟಿಕ್ ತೆಗೆದು, ಆಮೇಲೆ ಕೇಬಲ್ ಕೀಳಿ. ಹಾಗೇ ಕಿತ್ತರೆ ಸೇವೆ ಕೊಡುವವರ ಕಡೆ ಹಳೆಯ ಲಾಗಿನ್ ಇನ್ನೂ ಜೀವಂತವಾಗಿದೆ ಎಂದೇ ಇರಬಹುದು. ಒಂದು ಖಾತೆಗೆ ಒಂದೇ ಲಾಗಿನ್ ಬಿಡುವ ಕಡೆ ಹೊಸ ರೂಟರ್ ಡಯಲ್ ಮಾಡಿ ಮಾಡಿ ಸೋಲುತ್ತದೆ. ಹಾಗಾದರೆ ಹತ್ತು ನಿಮಿಷ ಎಲ್ಲ ಆರಿಸಿಟ್ಟು ಮತ್ತೆ ಹಚ್ಚಿ. ಆಗಲೂ ಆಗದಿದ್ದರೆ ಸಂಪರ್ಕವನ್ನು ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಕಟ್ಟಿಹಾಕಿರಬಹುದು. ರೂಟರಿನ ಪುಟದಲ್ಲಿ ಮ್ಯಾಕ್ ಕ್ಲೋನ್ ಎಂಬ ಆಯ್ಕೆಯಿಂದ ಅದೇ ವಿಳಾಸ ಕೊಡಿ, ಇಲ್ಲವೇ ಸೇವೆ ಕೊಡುವವರಿಗೆ ಫೋನ್ ಮಾಡಿ ಮ್ಯಾಕ್ ರೀಸೆಟ್ ಮಾಡಲು ಹೇಳಿ.